ಧೂಳಿಗೆ ಚಾರ್ಜ್ ಎಷ್ಟು?

ಬಿಳೇಕಹಳ್ಳಿಯಲ್ಲಿ ಬಾಡಿಗೆ ರೂಮು ಹುಡುಕಿಕೊಂಡು ಹೋದಾಗ ಓನರ್ ಆಂಟಿ ಗೇಟಿನ ಒಳಗೆ ನಿಂತುಕೊಂಡೇ ನನ್ನ ಇಂಟರ್‌ವ್ಯೂ ಮಾಡಿದರು. ಯಾವ ಊರು ಅಂದರು. ಧಾರವಾಡದ ಕಡೆ ಅಂದೆ. ಮದುವೆ ಆಗಿದೆಯಾ ಅಂದರು. ಇಲ್ಲ ಅಂದೆ. ಹುಡುಗರು ಗಿಡುಗರು ಬರ್ತಾರಾ ಅಂದರು. ಬಂದರೆ ನನಗೂ ಆಶ್ಚರ್ಯವೇ ಅಂದೆ. ಅವರ ಮುಖದಲ್ಲಿ ಸಣ್ಣಗೆ ನಗು ಮೂಡಿ, ಗೇಟಿನ ಚಿಲಕ ಅರ್ಧ ಸರಿಯಿತು. ಆಮೇಲೆ ಏನು ಕೆಲಸ ಅಂತ ಕೇಳಿದರು.

"ಪಿಎಚ್‌ಡಿ ಮಾಡ್ತಿದೀನಿ ಆಂಟಿ. ಫಿಸಿಕ್ಸು."

"ಅಂದ್ರೆ, ಯಾವುದರ ಮೇಲೆ?"

ಅದಕ್ಕೂ ಮೊದಲು ಬಿಟಿಎಂನಲ್ಲಿ ನೋಡಿದ ಮನೆಗಳಲ್ಲಿ ನಾನು "ಪ್ಲಾಸ್ಮಾ" ಅಂದು ಕೆಟ್ಟಿದ್ದೆ. ಒಬ್ಬರು ಅದನ್ನು ರಕ್ತದ ಪ್ಲಾಸ್ಮಾ ಅಂದುಕೊಂಡು, ಆಸ್ಪತ್ರೆಯಿಂದ ಯಾವ ಕಾಯಿಲೆ ಹೊತ್ತು ತರ್ತೀನೋ ಅಂತ ಹೆದರಿ ರೂಮು ಖಾಲಿ ಇಲ್ಲ ಅಂದರು. ಇನ್ನೊಬ್ಬರು ನನ್ನನ್ನು ಪ್ಲಾಸ್ಮಾ ಟಿವಿ ರಿಪೇರಿಯವಳು ಅಂದುಕೊಂಡು ಮೂಲೆಯಲ್ಲಿ ಹೊದಿಸಿಟ್ಟ ಟಿವಿ ತೆಗೆದು ತೋರಿಸಿದರು. ಹಾಗಾಗಿ ಈ ಸಲ ಸುತ್ತು ಬಳಸದೆ ಹೇಳಿಬಿಟ್ಟೆ.

"ಧೂಳಿನ ಮೇಲೆ."

ಆಂಟಿ ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದರು. "ಧೂಳು ಅಂದ್ರೆ ಗುಡಿಸ್ತೀವಲ್ಲ, ಆ ಧೂಳಾ?"

"ಹೆಚ್ಚು ಕಮ್ಮಿ ಅದೇ."

"ಅದಕ್ಕೆ ಅಷ್ಟು ಓದ್ಬೇಕಾ?"

ನಮ್ಮ ಅವ್ವನೂ ಇದನ್ನೇ ಕೇಳಿದ್ದಳು. "ಕಸಾ ಹೊಡಿಯಾಕ ಬೆಂಗಳೂರತನಕ ಯಾಕ ಹೋಗಬೇಕಿತ್ತು? ನಮ್ಮ ಪಡಸಾಲ್ಯಾಗ ಬೇಕಾದಷ್ಟು ಬಿದ್ದೈತಿ, ಬಾ" ಅಂತ ಫೋನಿನಲ್ಲಿ ನಕ್ಕಿದ್ದಳು. ಆಂಟಿ ನಗಲಿಲ್ಲ. ಯೋಚನೆ ಮಾಡಿ, "ರೂಮು ಕ್ಲೀನಾಗಾದ್ರೂ ಇಟ್ಕೋತೀಯ ಬಿಡು" ಅಂದು ಚಿಲಕ ಪೂರ್ತಿ ತೆಗೆದರು.

ಆಂಟಿಯದು ಹಳೇ ಬಿಳೇಕಹಳ್ಳಿಯ ಮನೆತನ. ಅವರು ಮದುವೆಯಾಗಿ ಬಂದಾಗ ಈಗ ನಮ್ಮ ಬೀದಿ ಇರುವ ಜಾಗದಲ್ಲಿ ಕನಕಾಂಬರದ ತೋಟ, ಅದರಾಚೆ ರಾಗಿ ಹೊಲ ಇತ್ತಂತೆ. ಗಂಡ ತೀರಿಕೊಂಡ ಮೇಲೆ ಇದ್ದ ಜಾಗದಲ್ಲಿ ಮಹಡಿ ಮೇಲೆ ಮಹಡಿ ಕಟ್ಟಿಸಿ, ತಾವು ಕೆಳಗೆ ಉಳಿದು, ಮೇಲೆಲ್ಲ ನಮ್ಮಂಥವರನ್ನು ತುಂಬಿಸಿದ್ದರು. ನನಗೆ ಸಿಕ್ಕಿದ್ದು ಟೆರೇಸಿನ ಪಕ್ಕದ ಒಂಟಿ ರೂಮು. ಟೆರೇಸು ಮಾತ್ರ ಆಂಟಿಯ ಸಾಮ್ರಾಜ್ಯ. ಸಂಡಿಗೆ, ಹಪ್ಪಳ, ಒಣಮೆಣಸಿನಕಾಯಿ, ತೊಳೆದ ಸೀರೆಗಳು, ಕಾಲಕಾಲಕ್ಕೆ ಒಂದಲ್ಲ ಒಂದು ಅಲ್ಲಿ ಬಿಸಿಲು ಕಾಯುತ್ತಿರುತ್ತಿತ್ತು.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಆಂಟಿ ನೆನೆಸಿದ ಅವರೆಕಾಳಿನ ಬೇಸಿನ್ ಇಟ್ಟುಕೊಂಡು ಬಿಸಿಲಿಗೆ ಕೂತಿದ್ದರು. ನಾನೂ ಹೋಗಿ ಕೂತು ಕಾಳು ಹಿತುಕತೊಡಗಿದೆ. ನಾನು ಹಿತುಕಿದ ಬೇಳೆ ಸಿಡಿದು ಟ್ಯಾಂಕಿನ ಹಿಂದೆ ಹೋಗಿ ಬೀಳುತ್ತಿತ್ತು. ಅವರದು ಸೀದಾ ಪಾತ್ರೆಗೆ.

"ಅಲ್ಲ ಮಗಾ, ಆ ಧೂಳಿಗೆ ನೀನು ಮಾಡೋದಾದ್ರೂ ಏನು?" ಅಂದರು.

ನಾನು ನನ್ನ ಕೈಲಾದಷ್ಟು ಸರಳವಾಗಿ ಹೇಳಿದೆ. ದೊಡ್ಡ ಪ್ರೆಶರ್ ಕುಕ್ಕರಿನಂಥ ಒಂದು ಸ್ಟೀಲ್ ಡಬ್ಬಿ, ಪಕ್ಕದಲ್ಲಿ ಗಾಜಿನ ಕಿಟಕಿ. ಒಳಗಿನ ಗಾಳಿಯನ್ನೆಲ್ಲ ಪಂಪು ಎಳೆದುಹಾಕುತ್ತೆ. ಆಮೇಲೆ ಆರ್ಗಾನ್ ಅನ್ನುವ ಗ್ಯಾಸನ್ನು ಚೂರೇ ಚೂರು ಬಿಟ್ಟು ಕರೆಂಟ್ ಕೊಟ್ಟರೆ, ಟ್ಯೂಬ್‌ಲೈಟ್ ಹತ್ತಿದ ಹಾಗೆ ಒಳಗೆಲ್ಲ ನೇರಳೆ ಬೆಳಕು. ಅದೇ ಪ್ಲಾಸ್ಮಾ. ಅಲ್ಲಿ ಗ್ಯಾಸಿನ ಪರಮಾಣುಗಳು ಒಡೆದು ಎರಡು ಥರದ ಚೂರುಗಳಾಗಿರುತ್ತವೆ. ಎಲೆಕ್ಟ್ರಾನ್ ತುಂಬಾ ಹಗುರ, ನಿಂತಲ್ಲಿ ನಿಲ್ಲಲ್ಲ. ಅಯಾನ್ ಭಾರ, ನಿಧಾನ. ಇವುಗಳ ಮಧ್ಯೆ ಮೇಲಿನಿಂದ ಒಂದು ಚಿಟಿಕೆ ಧೂಳು ಉದುರಿಸ್ತೀವಿ. ತಕ್ಷಣ ಎಲೆಕ್ಟ್ರಾನುಗಳೇ ಮೊದಲು ಓಡಿಬಂದು ಧೂಳಿಗೆ ಅಂಟಿಕೊಳ್ಳುತ್ತವೆ.

"ಮದುವೆ ಮನೇಲಿ ಮೊದಲನೇ ಪಂಕ್ತಿಗೆ ಓಡ್ತಾರಲ್ಲ, ಹಂಗೆ" ಅಂದರು ಆಂಟಿ.

"ಹಾಗೇ. ಆದ್ರೆ ಕೂತವರು ಜಾಸ್ತಿಯಾದ ಮೇಲೆ ಅವರೇ ಹೊಸಬರನ್ನ ತಳ್ಳೋಕೆ ಶುರು ಮಾಡ್ತಾರೆ. ಅಷ್ಟರಲ್ಲಿ ಆ ನಿಧಾನದ ಅಯಾನುಗಳೂ ಒಂದೊಂದೇ ಬರ್ತಾ ಇರ್ತಾವೆ. ಇವು ಬರೋದು ಅವು ಬರೋದು ಸಮ ಆದಾಗ ಚಾರ್ಜು ಅಲ್ಲಿಗೆ ನಿಲ್ಲುತ್ತೆ. ಧೂಳಿಗೆ ಒಟ್ಟಿನಲ್ಲಿ ಮೈನಸ್ ಚಾರ್ಜು. ಕೆಳಗಿರೋ ತಟ್ಟೇನೂ ಮೈನಸ್. ಅದು ಧೂಳನ್ನ ಮೇಲಕ್ಕೆ ತಳ್ಳುತ್ತೆ, ತೂಕ ಕೆಳಕ್ಕೆ ಎಳೆಯುತ್ತೆ. ಧೂಳು ಮಧ್ಯದಲ್ಲೇ ನಿಂತುಬಿಡುತ್ತೆ."

"ಬೀಳಲ್ವಾ?"

"ಬೀಳಲ್ಲ. ಒಂದನ್ನೊಂದು ಕಂಡ್ರೂ ಆಗಲ್ಲ. ದೂರ ದೂರ, ರಂಗೋಲಿ ಚುಕ್ಕಿ ಇಟ್ಟ ಹಾಗೆ ಸಾಲಾಗಿ ನಿಲ್ತಾವೆ."

ಆಂಟಿ ಕಾಳು ಹಿತುಕುವುದನ್ನು ನಿಲ್ಲಿಸಿದರು. ಬೆರಗಾಗಿದ್ದಾರೆ ಅಂತ ನಾನು ಒಳಗೊಳಗೇ ಹಿಗ್ಗಿದೆ. ಕೊನೆಗೆ ಅವರು ಕೇಳಿದ್ದು, "ಆ ಧೂಳು ಎಲ್ಲಿಂದ ತರ್ತೀಯ?"

"ಹೊರದೇಶದಿಂದ ತರಿಸ್ತೀವಿ ಆಂಟಿ. ಎಲ್ಲ ಒಂದೇ ಸೈಜಿನ ದುಂಡು ಕಣಗಳು ಬೇಕು."

ಬೇಸಿನ್ ಪಕ್ಕಕ್ಕೆ ಸರಿಯಿತು. "ದುಡ್ಡು ಕೊಟ್ಟು? ಧೂಳು? ಬೆಂಗಳೂರಿಗೆ?"

ಉಳಿದದ್ದೆಲ್ಲ ಅವರ ತಲೆಯಿಂದ ಹಾರಿಹೋಯಿತು. ಆ ವಾರವಿಡೀ ತರಕಾರಿ ಗಾಡಿಯವನಿಗೆ, ಹಾಲಿನ ಬೂತಿನವರಿಗೆ, ಎದುರು ಮನೆಯ ಅಜ್ಜಿಗೆ, ಎಲ್ಲರಿಗೂ ಈ ಸುದ್ದಿ ಮುಟ್ಟಿತು. ಮುಂದಿನ ಸೋಮವಾರ ನಾನು ಹೊರಡುವಾಗ ಆಂಟಿ ಗೇಟಿನಲ್ಲಿ ಅಡ್ಡ ನಿಂತು, ತೊಳೆದು ಒಣಗಿಸಿದ ಉಪ್ಪಿನಕಾಯಿ ಬಾಟಲಿ ಕೈಗಿಟ್ಟರು. ಅದರ ತುಂಬ ಬೂದುಬಣ್ಣದ ಪುಡಿ. "ಟ್ಯಾಂಕಿನ ಮೇಲಿಂದ ಒರೆಸಿದ್ದು. ಜರಡಿ ಹಿಡಿದಿದೀನಿ, ನೈಸಾಗಿದೆ. ಬೇಕಾದ್ರೆ ಇನ್ನೂ ಇದೆ, ಸಂಕೋಚ ಮಾಡ್ಕೋಬೇಡ."

ನನ್ನ ಗೈಡು ತೆಳ್ಳಗಿನ ಮನುಷ್ಯ. ನಿವೃತ್ತಿಗೆ ಹತ್ತಿರ ಬಂದವರು, ಎಂಥ ತಮಾಷೆಯನ್ನೂ ನಗದೆ ಹೇಳುವವರು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಸ್ವದೇಶಿ" ಅಂದರು. ಆಮೇಲೆ, "ಹಾಕೋಣ."

"ಸಾರ್, ಛೇಂಬರ್ ಗಲೀಜಾಗುತ್ತೆ."

"ಕ್ಲೀನ್ ಮಾಡೋರು ನೀವೇ ತಾನೇ? ಹಾಕೋಣ."

ಹಾಕಿದೆವು. ಉಪ್ಪು ಉದುರಿಸುವ ಡಬ್ಬಿಯಂಥ ತೂತಿನ ಬುರುಡೆಗೆ ಆಂಟಿಯ ಧೂಳು ತುಂಬಿ, ಪಂಪು ಓಡಿಸಿ, ಪ್ಲಾಸ್ಮಾ ಹತ್ತಿಸಿ, ಹಸಿರು ಲೇಸರಿನ ಹಾಳೆಯಂಥ ತೆಳು ಬೆಳಕು ಬಿಟ್ಟು, ಬುರುಡೆಯನ್ನು ಅಲ್ಲಾಡಿಸಿದೆ. ಅರ್ಧಕ್ಕರ್ಧ ದಪ್ಪ ಕಣಗಳು ಸೀದಾ ತಟ್ಟೆಗೆ ಬಿದ್ದವು. ಉಳಿದವು ಮಾತ್ರ ತೇಲಿದವು. ಸಾಲು ಗೀಲು ಏನೂ ಇಲ್ಲ. ಭಾರದವು ಕೆಳಗೆ, ಹಗುರದವು ಮೇಲೆ, ಕೆಲವು ಒಂದು ಮೂಲೆಯಲ್ಲಿ ಗುಂಪುಕಟ್ಟಿ ಗಿರಗಿರನೆ ಸುತ್ತುತ್ತಿದ್ದವು. ನೋಡಿದರೆ ಜಯನಗರದ ಕಾಂಪ್ಲೆಕ್ಸಿನಲ್ಲಿ ಹಬ್ಬದ ಹಿಂದಿನ ದಿನದ ಜನಜಂಗುಳಿಯಂತಿತ್ತು. ಗೈಡು ಗಾಜಿಗೆ ಮೂಗು ತಾಗಿಸಿಕೊಂಡು ಬಹಳ ಹೊತ್ತು ನೋಡಿದರು. "ಇದಕ್ಕೆ ಥಿಯರಿ ಬರೆಯೋಕೆ ಹೋದ್ರೆ ನಿಮ್ಮ ಪಿಎಚ್‌ಡಿ ಮುಗಿಯಲ್ಲ" ಅಂದು ಎದ್ದುಹೋದರು. ಛೇಂಬರ್ ಒರೆಸಿ ಒರೆಸಿ ನನ್ನ ಬೆರಳಿನ ಚರ್ಮ ಸುಲಿಯಿತು.

ಆದರೂ ಆ ಸಂಜೆ "ನಿಮ್ಮ ಧೂಳು ತೇಲ್ತು ಆಂಟಿ, ಹಸಿರು ಲೈಟ್ ಬಿಟ್ಟು ನೋಡಿದ್ವಿ" ಅಂದಾಗ ಅವರ ಮುಖ ನೋಡಬೇಕಿತ್ತು. ಮೊಮ್ಮಗ ರ್‍ಯಾಂಕ್ ಬಂದ ಹಾಗೆ. ಅವತ್ತು ನನಗೆ ಹಿತಕಿದ ಬೇಳೆ ಸಾರು, ಮುದ್ದೆ. ಬೀದಿಯಲ್ಲಿ ಅಂದಿನಿಂದ ನನ್ನ ಹೆಸರು ಹೋಯಿತು, ಧೂಳಿನ ಮೇಡಂ ಅಂತಲೇ ಆಯಿತು.

ಬೇಸಿಗೆ ಹತ್ತಿರ ಬರುವಾಗ ಪಕ್ಕದ ಖಾಲಿ ಸೈಟಿನಲ್ಲಿ ಜೆಸಿಬಿ ಬಂತು. ಆ ಸೈಟು ಆಂಟಿಯ ಗಂಡನ ದಾಯಾದಿಯದು. ವರಸೆಯಲ್ಲಿ ಅವರಿಗೆ ಮೈದುನ. ಐವತ್ತು ದಾಟಿದ, ಗಟ್ಟಿಮುಟ್ಟಾದ ಮನುಷ್ಯ. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಶರಟು. ಅಷ್ಟು ಧೂಳೆಬ್ಬಿಸುವ ಮನುಷ್ಯನ ಶರಟಿನ ಮೇಲೆ ಒಂದು ಕಣ ಕೂರುತ್ತಿರಲಿಲ್ಲ. ಅದು ಹೇಗೆ ಅನ್ನುವುದು ನನ್ನ ವಿಷಯಕ್ಕೇ ಸೇರಿದ್ದಾದರೂ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಪಾಯ ತೋಡಿದ ಮಣ್ಣು, ಎಂ ಸ್ಯಾಂಡು, ಸಿಮೆಂಟು, ಗ್ರಾನೈಟ್ ಕೊಯ್ಯುವ ಮೆಷಿನ್ನಿನ ಬಿಳಿ ಹಿಟ್ಟು, ಒಂದರ ಹಿಂದೆ ಒಂದು ನಮ್ಮ ಟೆರೇಸಿಗೆ ಏರಿ ಬಂದವು. ಆಂಟಿಯ ಸಂಡಿಗೆ ಕರಿದರೆ ಕರಕರ. ಸೀರೆಗಳನ್ನು ಕೊಡವಿದರೆ ಮೋಡ. ನನ್ನ ಕಿಟಕಿ ಮುಚ್ಚಿದರೂ ದಿಂಬಿನ ಮೇಲೆ ನನ್ನ ತಲೆಯ ಆಕಾರ ಅಚ್ಚಾಗಿರುತ್ತಿತ್ತು.

"ಹೇಳಿ ಆಂಟಿ ಅವರಿಗೆ" ಅಂದೆ.

"ಹೇಗೆ ಹೇಳ್ಲಿ? ನಾಳೆ ಅವರ ಮನೇಲಿ ಮದ್ವೆ ಮುಂಜಿ ಆದ್ರೆ ಮುಂದೆ ನಿಂತ್ಕೊಳ್ಳೋಳು ನಾನೇ. ಬಾಯ್ ಬಿಟ್ರೆ ಸಂಬಂಧ ಕೆಟ್ಟೋಗುತ್ತೆ." ಅವರು ನನ್ನ ಕಡೆ ಓರೆಯಾಗಿ ನೋಡಿದರು. "ನಿಂಗೇನು ಸಂಬಂಧ ಇಲ್ವಲ್ಲ."

ನಾನು ಕೇಳಿಸದವಳ ಹಾಗೆ ಮೆಟ್ಟಿಲು ಹತ್ತಿದೆ. ಬಾಡಿಗೆಯವರು ಓನರುಗಳ ಜಗಳದಲ್ಲಿ ತಲೆ ಹಾಕಬಾರದು ಅನ್ನುವಷ್ಟು ಬುದ್ಧಿ ನನಗಿತ್ತು. ಅದು ಕೆಟ್ಟದ್ದು ಲ್ಯಾಬಿನಲ್ಲಿ. ಒಂದು ದಿನ ಗೈಡು ನನ್ನ ಮೇಜಿನಿಂದ ಛೇಂಬರಿನವರೆಗೆ ಬಿದ್ದಿದ್ದ ಬಿಳಿ ಹೆಜ್ಜೆಗುರುತುಗಳನ್ನು ತೋರಿಸಿ, "ಲಕ್ಷ್ಮಿ ಬಂದುಹೋದ ಹಾಗಿದೆಯಲ್ಲ" ಅಂದರು. ನನ್ನ ಚಪ್ಪಲಿಯ ಸಿಮೆಂಟು. ಆಮೇಲೆ ನನ್ನ ಜಡೆ ನೋಡಿ, "ತೊಳೆದುಕೊಂಡು ಬರೋವರೆಗೂ ಛೇಂಬರ್ ತೆಗೀಬೇಡಿ" ಅಂದರು. ಅವತ್ತು ಸಂಜೆ ನಾನೇ ಆಂಟಿಯ ಬಾಗಿಲು ತಟ್ಟಿದೆ.

"ಏನು ಮಾಡ್ಬೇಕು ಹೇಳಿ."

"ಏನೂ ಬೇಡ. ಭಾನುವಾರ ತಿಂಡಿಗೆ ಬಾ. ಕೇಳಿದ್ದಕ್ಕೆ ನಿಜ ಹೇಳು. ಸುಳ್ಳು ಹೇಳ್ಬೇಡ" ಅಂದರು ಆಂಟಿ. "ನಿಮ್ ಆ ಹಸ್ರು ಲೈಟೂ ತಗೊಂಡ್ ಬಾ."

ಅವರು ಹೇಳಿದ್ದು ಲೇಸರ್. ಲ್ಯಾಬಿನದನ್ನು ತರುವುದು ಸಾಧ್ಯವಿರಲಿಲ್ಲ. ಪಾಠ ಮಾಡುವಾಗ ಗೋಡೆಗೆ ತೋರಿಸುವ ಸಣ್ಣ ಹಸಿರು ಪಾಯಿಂಟರ್ ನನ್ನ ಬಳಿ ಇತ್ತು. ಅದನ್ನೂ ಒಂದು ಗಾಜಿನ ಕಡ್ಡಿಯನ್ನೂ ಬ್ಯಾಗಿಗೆ ಹಾಕಿಕೊಂಡೆ.

ಭಾನುವಾರ ಮೈದುನ ಬಂದರು. ಬಿಳಿ ಶರಟು, ಬಿಸಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಆಂಟಿ ಅವರ ತಟ್ಟೆಗೆ ಬೆಣ್ಣೆ ಹಾಕುತ್ತ ನನ್ನನ್ನು ತೋರಿಸಿದರು. "ಇವಳು ನಮ್ ಮೇಲಿನ ರೂಮಿನ ಹುಡುಗಿ ಕಣಪ್ಪ. ಸೆಂಟ್ರಲ್ ಗೌರ್ಮೆಂಟು ಇವಳಿಗೆ ತಿಂಗ್ಳಿಗಿಷ್ಟು ಅಂತ ಕೊಡುತ್ತೆ. ಧೂಳು ನೋಡಕ್ಕೆ."

ನನ್ನ ಫೆಲೋಶಿಪ್ ಕೇಂದ್ರ ಸರ್ಕಾರದ್ದೇ. ನಾನು ತಲೆಯಾಡಿಸಿದೆ.

ಮೈದುನನ ಕೈ ರೊಟ್ಟಿಯ ಮೇಲೆ ನಿಧಾನವಾಯಿತು. "ಧೂಳು ನೋಡೋದು ಅಂದ್ರೆ ಹೆಂಗೆ ಮೇಡಂ?"

"ಕ್ಯಾಮೆರಾ ಇಟ್ಟು ನೋಡ್ತೀವಿ ಸಾರ್. ಒಂದೊಂದು ಕಣಾನೂ ಬೇರೆ ಬೇರೆ ಕಾಣುತ್ತೆ. ಯಾವುದು ಎಲ್ಲಿಂದ ಎಲ್ಲಿಗೆ ಹೋಯ್ತು ಎಲ್ಲಾ ರೆಕಾರ್ಡ್ ಆಗುತ್ತೆ."

"ಎಲ್ಲಿಂದ ಬಂತು ಅಂತಾನೂ?"

"ಎಲ್ಲಿಂದ ಬಂತು ಅಂತಾನೂ."

ಆಂಟಿ ಎದ್ದು ಪರದೆ ಎಳೆದರು. "ತೋರ್ಸು" ಅಂದರು. ನಾನು ಪಾಯಿಂಟರನ್ನು ಗಾಜಿನ ಕಡ್ಡಿಗೆ ಹಿಡಿದೆ. ಕತ್ತಲೆಯಾದ ಹಾಲಿನಲ್ಲಿ ಹಸಿರು ಬೆಳಕು ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಅದರೊಳಗೆ ಪಕ್ಕದ ಕಟ್ಟಡದ ಧೂಳು ಮಿಣಮಿಣ ಹೊಳೆಯುತ್ತ ನಿಧಾನಕ್ಕೆ ಇಳಿಯುತ್ತಿತ್ತು. ಚಟ್ನಿಯ ಬಟ್ಟಲಿಗೆ ಇಳಿಯಿತು, ಬೆಣ್ಣೆಯ ಮೇಲೆ ಕೂತಿತು, ಮೈದುನನ ಮೂಗಿನ ಮುಂದೆ ಹಾದುಹೋಯಿತು. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಉಸಿರು ಬಿಗಿಹಿಡಿದು ಕೂತರು.

"ಇದನ್ನೆಲ್ಲ ನೋಡಿ ಏನ್ ಮಾಡ್ತೀರಾ?" ಪರದೆ ಸರಿಸಿದ ಮೇಲೆ ಕೇಳಿದರು.

"ಚಾರ್ಜ್ ಎಷ್ಟು ಅಂತ ಲೆಕ್ಕ ಹಾಕ್ತೀವಿ."

"ಚಾರ್ಜಾ?"

"ಹೂಂ ಸಾರ್. ನನ್ನ ಥೀಸಿಸ್ಸೇ ಅದು. ಧೂಳಿನ ಕಣಕ್ಕೆ ಚಾರ್ಜ್ ಹೇಗೆ ಬೀಳುತ್ತೆ, ಎಷ್ಟು ಬೀಳುತ್ತೆ."

"ಎಷ್ಟು ಬೀಳುತ್ತೆ?"

"ಅದು ಸೈಜಿನ ಮೇಲೆ. ನಾವು ನೋಡೋ ಸೈಜಿಗೆ, ಒಂದು ಹತ್ತು ಸಾವಿರ."

"ಲೋಡಿಗಾ?"

"ಇಲ್ಲ ಸಾರ್, ಒಂದು ಕಣಕ್ಕೆ."

ನಾನು ಹೇಳಿದ್ದು ಹತ್ತು ಸಾವಿರ ಎಲೆಕ್ಟ್ರಾನು. ಅದರಲ್ಲಿ ಸುಳ್ಳೇನಿಲ್ಲ. ಮೈದುನ ರೊಟ್ಟಿಯನ್ನು ತಟ್ಟೆಗೆ ಇಟ್ಟು, ತಗ್ಗಿದ ದನಿಯಲ್ಲಿ, "ಪ್ಲಸ್ ಜಿಎಸ್‌ಟಿನಾ?" ಅಂದಾಗಲೇ ನನಗೆ ಹೊಳೆದದ್ದು.

ಆಂಟಿಯ ಕಡೆ ನೋಡಿದೆ. ಅವರು ಕಾಫಿಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಬಗ್ಗಿಸುತ್ತಿದ್ದರು, ಮುಖ ಕಲ್ಲು. ಅಲ್ಲೇ ಸರಿಪಡಿಸಿ ಹೇಳಬಹುದಿತ್ತು. ನನ್ನ ಜಡೆಯಲ್ಲಿದ್ದ ಸಿಮೆಂಟು ನೆನಪಾಯಿತು.

"ಪ್ಲಸ್ ಇಲ್ಲ ಸಾರ್" ಅಂದೆ. "ಮೈನಸ್. ನಮ್ಮ ಲ್ಯಾಬಲ್ಲಿ ಯಾವಾಗಲೂ ಮೈನಸ್ಸೇ."

ಅವರು ಕಾಫಿ ಕುಡಿಯದೇ ಎದ್ದರು.

ಮಂಗಳವಾರದ ಹೊತ್ತಿಗೆ ಪಕ್ಕದ ಕಟ್ಟಡ ತಲೆಯಿಂದ ಪಾದದವರೆಗೆ ಹಸಿರು ಬಲೆ ಹೊದ್ದು ನಿಂತಿತ್ತು. ಮರಳಿನ ರಾಶಿಗೆ ಟಾರ್ಪಾಲು. ಗ್ರಾನೈಟ್ ಕೊಯ್ಯುವವನ ಪಕ್ಕದಲ್ಲಿ ಪೈಪು ಹಿಡಿದು ನೀರು ಬಿಡಲು ಇನ್ನೊಬ್ಬ. ಬೆಳಿಗ್ಗೆ ಸಂಜೆ ನೀರಿನ ಟ್ಯಾಂಕರ್. ನಾನು ಬಸ್‌ಸ್ಟಾಪಿಗೆ ಹೋಗುವಾಗ ಮೇಸ್ತ್ರಿ ಮೆಲ್ಲಗೆ "ಬಂದ್ರು ಬಂದ್ರು" ಅನ್ನುತ್ತಿದ್ದ. ಕೆಲಸದವರೆಲ್ಲ ಕೈಲಿದ್ದದ್ದು ಬಿಟ್ಟು ನೀರು ಚಿಮುಕಿಸಲು ನಿಲ್ಲುತ್ತಿದ್ದರು. ನಾನು ಒಂದು ಸಲ ಸುಮ್ಮನೆ ನಿಂತು ಆಕಾಶ ನೋಡಿದೆ. ಮೇಸ್ತ್ರಿಯೂ ನೋಡಿದ. ನಾನು ತಲೆಯಾಡಿಸಿದೆ. ಅವನು ಇನ್ನೊಂದು ಬಕೆಟ್ ಹೊಯ್ಯಿಸಿದ. ಇಂಥ ಅಧಿಕಾರ ನನಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಆಂಟಿಯ ಸಂಡಿಗೆ ಬೆಳ್ಳಗೆ ಒಣಗಿತು. ಆದರೆ ಬೀದಿಯೆಲ್ಲ ಕೆಸರಾಯಿತು. ಎರಡು ಸ್ಕೂಟರ್ ಜಾರಿದವು. ಆಂಟಿಯ ಹೊಸ ಚಪ್ಪಲಿಯ ಉಂಗುಷ್ಠ ಕಿತ್ತು ಕೆಸರಿನಲ್ಲೇ ಉಳಿಯಿತು. "ನಿಮ್ ಸಂಸ್ಥೇಲಿ ಕೆಸರಿನ ಮೇಲೆ ಓದೋರು ಯಾರೂ ಇಲ್ವಾ?" ಅಂತ ಒಂಟಿ ಚಪ್ಪಲಿ ಹಿಡಿದುಕೊಂಡು ಕೇಳಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಸಂಸ್ಥೆಯ ಸೆಕ್ಯೂರಿಟಿಯವರು ಫೋನ್ ಮಾಡಿ, ಯಾರೋ ನಮ್ಮ ಲ್ಯಾಬಿನ ಹೆಡ್ಡನ್ನು ನೋಡಬೇಕು ಅಂತಿದಾರೆ ಅಂದರು. ನಾನು ಕೆಳಗಿಳಿದು ನೋಡಿದರೆ ಮೈದುನ. ಬಿಳಿ ಶರಟು, ಕೈಯಲ್ಲಿ ಒಂದು ಬುಟ್ಟಿ ಸೀಬೆಹಣ್ಣು. "ಮೇಡಂ, ನಿಮ್ ಮೇಲೆ ಕಂಪ್ಲೇಂಟ್ ಅಲ್ಲ. ದೊಡ್ಡವರ ಹತ್ರ ಒಂದ್ ಮಾತು ಆಡ್ಬಿಟ್ಟು ಹೋಗ್ತೀನಿ ಅಷ್ಟೆ" ಅಂದರು. ನಾನು ಬಾಯಿ ತೆರೆಯುವುದರೊಳಗೆ ನನ್ನ ಗೈಡು ಮೆಟ್ಟಿಲಿಳಿದು ಬಂದರು.

"ಏನು ವಿಷಯ?" ಅಂದರು.

"ಚಾರ್ಜಿನ ವಿಷಯ ಸಾರ್. ಧೂಳಿಂದು."

ನನ್ನ ಗೈಡಿನ ಮುಖ ಅರಳಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಅಷ್ಟು ವರ್ಷದ ಸರ್ವೀಸಿನಲ್ಲಿ ಹೊರಗಿನಿಂದ ಒಬ್ಬ ಮನುಷ್ಯ ತಾನಾಗಿ ಬಂದು ಧೂಳಿನ ಚಾರ್ಜಿನ ಬಗ್ಗೆ ಕೇಳಿದ್ದು ಅದೇ ಮೊದಲಿರಬೇಕು. ತೋಳು ಹಿಡಿದು ಲ್ಯಾಬಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿದರು. ನಾನು ಹಿಂದೆ ಹಿಂದೆ ಸೀಬೆಹಣ್ಣಿನ ಬುಟ್ಟಿ ಹೊತ್ತುಕೊಂಡು ನಡೆದೆ.

"ಮೇಡಂ ಒಂದು ಕಣಕ್ಕೆ ಹತ್ತು ಸಾವಿರ ಅಂದ್ರು. ಅದು ನಿಜಾನಾ ಸಾರ್?"

"ಅವರು ಕಡಿಮೆ ಹೇಳಿದಾರೆ. ಕೆಲವು ಸಲ ಅದರ ಎರಡರಷ್ಟು ಬರುತ್ತೆ."

ಮೈದುನ ಕರ್ಚೀಫು ತೆಗೆದು ಹಣೆ ಒತ್ತಿಕೊಂಡರು. "ಕಮ್ಮಿ ಮಾಡಕ್ಕೆ ಏನಾದ್ರೂ ದಾರಿ ಇದ್ಯಾ ಸಾರ್? ನಾವೂ ಇಲ್ಲಿನೋರೇ, ಏನೋ ಸಣ್ಣದಾಗಿ ಕಟ್ಕೋತಾ ಇದೀವಿ..."

"ಒಳ್ಳೇ ಪ್ರಶ್ನೆ!" ಗೈಡು ಮೇಜು ಕುಟ್ಟಿದರು. "ದಾರಿ ಇದೆ. ಧೂಳು ಜಾಸ್ತಿ ಮಾಡಿ."

"ಜಾಸ್ತಿನಾ?"

"ಹೂಂ. ಧೂಳು ಕಮ್ಮಿ ಇದ್ರೆ ಒಂದೊಂದಕ್ಕೂ ಪೂರ್ತಿ ಚಾರ್ಜ್ ಬೀಳುತ್ತೆ. ದಟ್ಟವಾಗಿ ತುಂಬಿಬಿಟ್ರೆ ಎಲ್ಲ ಹಂಚ್ಕೋಬೇಕು. ಒಂದೊಂದರ ಪಾಲಿಗೆ ಬರೋದು ಕಮ್ಮಿ ಆಗ್ತಾ ಹೋಗುತ್ತೆ."

ಮೈದುನ ಕರ್ಚೀಫು ಮಡಚಿ ಜೇಬಿಗಿಟ್ಟರು. "ಹೋಲ್‌ಸೇಲ್ ಇದ್ದಂಗೆ."

"ಕರೆಕ್ಟ್! ಹೋಲ್‌ಸೇಲ್ ಇದ್ದಂಗೆ!"

"ಹಂಗಾದ್ರೆ ನಾನು ಇಷ್ಟು ದಿನ ನೀರು ಹಾಕ್ಸಿದ್ದು..."

"ನೀರು ಯಾಕೆ ಹಾಕಿದ್ರಿ?" ಅಂದರು ಗೈಡು, ಗಾಬರಿಯಿಂದ. ಛೇಂಬರಿಗೆ ನೀರು ಅಂದುಕೊಂಡರು.

ನನಗೆ ಇನ್ನು ತಡೆಯಲಾಗಲಿಲ್ಲ. ಬುಟ್ಟಿಯ ಮೇಲೆ ಬಗ್ಗಿ ನಗತೊಡಗಿದೆ. ಸೀಬೆಹಣ್ಣು ಉರುಳಿ ಪಂಪಿನ ಕೆಳಗೆ ಹೋದವು. ಇಬ್ಬರೂ ನನ್ನನ್ನೇ ನೋಡುತ್ತ ಕೂತಿದ್ದರು. ಕಣ್ಣೊರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಚಾರ್ಜ್ ಅಂದರೆ ಎಲೆಕ್ಟ್ರಾನಿನ ಲೆಕ್ಕ, ರೂಪಾಯಿಯದಲ್ಲ. ನಾನು ಯಾವ ಆಫೀಸರೂ ಅಲ್ಲ.

ಮೈದುನನ ಮುಖ ಕೆಂಪಾಗಿತ್ತು. ಈಗ ರೂಮು ಹೋಯಿತು, ಮತ್ತೆ ಬಿಟಿಎಂನಲ್ಲಿ ಗೇಟಿನಿಂದ ಗೇಟಿಗೆ ಅಲೆಯಬೇಕು ಅಂದುಕೊಂಡೆ. ಗೈಡು ಮಾತ್ರ ಏನೂ ಆಗದವರ ಹಾಗೆ ಎದ್ದು, "ಬಂದಿದೀರಿ, ನೋಡ್ಕೊಂಡೇ ಹೋಗಿ" ಅಂದು ದೀಪ ಆರಿಸಿದರು.

ಅವತ್ತು ಒಳಗಿದ್ದದ್ದು ಹೊರದೇಶದ ಒಳ್ಳೇ ಕಣಗಳು. ನೇರಳೆ ಬೆಳಕಿನ ಕೆಳಗೆ, ಹಸಿರು ಲೇಸರಿನಲ್ಲಿ, ಒಂದೊಂದು ಚುಕ್ಕಿಯೂ ತನ್ನ ಜಾಗದಲ್ಲಿ ನಿಂತಿತ್ತು. ಮೈದುನ ಗಾಜಿನ ಹತ್ತಿರ ಹೋದರು. ಗೈಡು ಪವರ್ ಸ್ವಲ್ಪ ಇಳಿಸಿದರು, ಇಡೀ ಸಾಲು ಒಂದೇ ಸಲಕ್ಕೆ ತುಸು ಜಗ್ಗಿತು. ಏರಿಸಿದರು, ಮೇಲೆದ್ದಿತು.

"ದಾರ ಕಟ್ಟಿಲ್ವಾ?"

"ಇಲ್ಲ."

"ಕೆಳಗೆ ಗಾಳಿ ಬಿಟ್ಟಿದೀರಾ?"

"ಗಾಳಿನೇ ಇಲ್ಲ ಒಳಗೆ."

"ಬರೀ ಆ ಚಾರ್ಜಿಗೇ ನಿಂತಿದಾವಾ?"

"ಬರೀ ಅದಕ್ಕೇ."

ಅವರು ಇನ್ನೂ ಹತ್ತಿರ ಬಗ್ಗಿದರು. "ನಂದು ಎರಡು ಫ್ಲೋರ್ ನಿಲ್ಸಕ್ಕೆ ಅಷ್ಟು ಕಬ್ಬಿಣ ಹೋಯ್ತಲ್ರೀ" ಅಂದರು. ಮತ್ತೂ ಒಂದು ಸಲ ಇಳಿಸಿ ಏರಿಸಿ ತೋರಿಸಿ ಅಂದರು. ಸ್ವಲ್ಪ ಹೊತ್ತಿನ ಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಅಂತ ಹೆದರಿದೆ. ನಗುತ್ತಿದ್ದರು. "ಅಕ್ಕಿರೊಟ್ಟಿಗೆ ಬೆಣ್ಣೆ ಹಾಕ್ದಾಗ್ಲೇ ಡೌಟ್ ಬರ್ಬೇಕಿತ್ತು ನಂಗೆ" ಅಂದರು. "ನಮ್ಮತ್ತಿಗೆ ಯಾವತ್ತೂ ಬೆಣ್ಣೆ ಹಾಕ್ದೋರಲ್ಲ."

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ನಂಗೆ ಗೊತ್ತಾಯ್ತು ಅಂತ ಅತ್ತಿಗೆಗೆ ಹೇಳ್ಬೇಡಿ ಮೇಡಂ. ಅವರು ಗೆದ್ದೆ ಅಂದ್ಕೊಂಡು ಖುಷಿಯಾಗಿದಾರೆ. ಇರ್ಲಿ."

ಹಸಿರು ಬಲೆ ಹಾಗೇ ಉಳಿಯಿತು. ನೀರು ಹದಕ್ಕೆ ಬಂತು, ಕೆಸರಾಗುವುದು ನಿಂತಿತು. ನಾನು ಹಾದುಹೋಗುವಾಗ ಮೈದುನ ಮೊದಲಿಗಿಂತ ಜೋರಾಗಿ, ಆಂಟಿಗೆ ಕೇಳುವ ಹಾಗೆ, "ಮೇಡಂ ಬಂದ್ರು, ನೀರ್ ಹಾಕ್ರೋ!" ಅಂತ ಕೂಗಿ ಕಣ್ಣು ಮಿಟುಕಿಸುತ್ತಿದ್ದರು. ಆಂಟಿ ಕಿಟಕಿಯ ಸಂದಿಯಿಂದ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಇಬ್ಬರಿಗೂ ಮುಖ ಕೊಟ್ಟು ಗಂಭೀರವಾಗಿ ನಡೆಯುವುದೇ ನನ್ನ ದಿನದ ಕಷ್ಟದ ಕೆಲಸವಾಯಿತು.

ಕಟ್ಟಡ ಎದ್ದು ನಿಂತಿತು. ಗೃಹಪ್ರವೇಶಕ್ಕೆ ಮುಂಚೆ ಮೈದುನ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ, "ಮೇಡಂ, ನಮ್ ಬಿಲ್ಡಿಂಗಲ್ಲೇ ಒಂದು ಮನೆ ತಗೊಳ್ಳಿ. ಲಿಫ್ಟಿದೆ, ಬಿಸಿಲು ಬರುತ್ತೆ. ಬಾಡಿಗೆ ನೀವು ಹೇಳ್ದಂಗೆ" ಅಂದರು. ನಾನು ಉತ್ತರ ಹೇಳುವ ಮೊದಲೇ ನಮ್ಮ ಮನೆಯ ಬಾಗಿಲು ದಡಾರನೆ ತೆರೆಯಿತು.

ಸಂಬಂಧ ಕೆಡುತ್ತೆ ಅಂತ ಅಷ್ಟೆಲ್ಲ ಧೂಳನ್ನು ಬಾಯಿಮುಚ್ಚಿ ನುಂಗಿದ ಹೆಂಗಸು ಅವತ್ತು ಬೀದಿಗೆ ಬಂದು ನಿಂತ ರೀತಿ ನನಗೆ ಕಣ್ಣಿಗೆ ಕಟ್ಟಿದಂತಿದೆ. "ನನ್ ಬಾಡಿಗೆಯೋಳ್ನ ಎಳ್ಕೊಂಡ್ ಹೋಗ್ತೀಯಾ? ನಾಚ್ಕೆ ಆಗಲ್ವಾ?" ಎದುರು ಮನೆಯ ಅಜ್ಜಿ ಬಾಲ್ಕನಿಗೆ ಬಂದರು. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಎತ್ತಿಟ್ಟು ಹೊರಗೆ ಬಂದ.

"ನೀವು ನನ್ ತಲೆ ಮೇಲೆ ಕಣಕ್ಕೆ ಹತ್ತು ಸಾವ್ರ ಕೂರಿಸ್ದಾಗ ನಿಮ್ಗೆ ನಾಚ್ಕೆ ಆಗ್ಲಿಲ್ವಾ ಅತ್ಗೆ?" ಅಂದರು ಮೈದುನ. "ನಂಗೆ ಎಲ್ಲಾ ಗೊತ್ತಾಗಿ ಎಷ್ಟ್ ಕಾಲ ಆಯ್ತು! ಸಂಸ್ಥೆಗೇ ಹೋಗಿ ನೋಡ್ಕೊಂಡ್ ಬಂದಿದೀನಿ!"

"ನಿಂಗೆ ಗೊತ್ತಾಗಿದ್ದು ನಂಗೂ ಗೊತ್ತಿತ್ತು" ಅಂದರು ಆಂಟಿ. "ನೀರು ಕಮ್ಮಿ ಆದಾಗ್ಲೇ ಗೊತ್ತಾಯ್ತು. ಹೆದರ್ಕೊಂಡೋನು ಯಾವತ್ತೂ ಹದವಾಗಿ ನೀರ್ ಹಾಕಲ್ಲ."

ಬಾಲ್ಕನಿಯ ಅಜ್ಜಿ "ಅದು ಸರಿ" ಅಂದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಇಬ್ಬರ ಆಟಕ್ಕೂ ಸೇರಿಕೊಂಡು, ಇಬ್ಬರ ಮುಂದೆಯೂ ಗಂಭೀರ ಮುಖ ಹೊತ್ತು ಓಡಾಡಿದವಳು ನಾನು ಅಂತ ಅವರಿಗೆ ಒಂದೇ ಕ್ಷಣಕ್ಕೆ ಹೊಳೆದಿರಬೇಕು.

"ಬಸ್ಸು ಬಂತು" ಅಂದು ನಾನು ಓಡಿದೆ. ಯಾವ ಬಸ್ಸೂ ಬಂದಿರಲಿಲ್ಲ.

ಗೃಹಪ್ರವೇಶದ ದಿನ ಆಂಟಿಯೇ ಮುಂದೆ ನಿಂತು ಹಾಲು ಉಕ್ಕಿಸಿದರು. ನನ್ನ ಗೈಡನ್ನೂ ಕರೆದಿದ್ದರು. ಅವರು ಊಟದ ಪಂಕ್ತಿಯಲ್ಲಿ ಮೈದುನನ ಪಕ್ಕ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಚಂದ್ರನ ಮೇಲಿನ ಧೂಳು ಬಿಸಿಲಿಗೆ ಹೇಗೆ ಚಾರ್ಜಾಗುತ್ತೆ ಅಂತ ವಿವರಿಸುತ್ತಿದ್ದರು. ಮೈದುನ ಬಹಳ ಆಸಕ್ತಿಯಿಂದ, ಅಲ್ಲಿ ಸೈಟು ಯಾರ ಹೆಸರಲ್ಲಿದೆ ಅಂತ ಕೇಳುತ್ತಿದ್ದರು. ಆಂಟಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, "ಲಿಫ್ಟ್ ನೋಡ್ದೆ" ಅಂದರು. "ಒಬ್ರು ನಿಂತ್ರೆ ಇನ್ನೊಬ್ರಿಗೆ ಉಸಿರಾಡಕ್ಕೆ ಜಾಗ ಇಲ್ಲ. ನೀನು ಮೆಟ್ಲು ಹತ್ತು, ಆರೋಗ್ಯಕ್ಕೆ ಒಳ್ಳೇದು."

ನಾನು ಈಗಲೂ ಮೆಟ್ಟಿಲು ಹತ್ತುತ್ತಿದ್ದೇನೆ.